ಗೋಡೆಗೆ ಒರಗಿದ ಹುಡುಗಿ

ಬೆಂಚಮ್ಮನಿಗೆ ಆ ಹೆಸರು ಬಂದದ್ದು ಕೂತು ಕೂತು. ಶಿಕ್ಷಣ ಸಂಶೋಧನಾ ಸಂಸ್ಥೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಅವರು ಮಾಡಿದ ಕೆಲಸ ಒಂದೇ. ಗೊತ್ತುಮಾಡಿದ ಶಾಲೆಗೆ ಹೋಗುವುದು, ಎಂಟು ವರ್ಷದ ಮಕ್ಕಳಿಗೆಂದು ಮಾಡಿಸಿದ ಕೊನೆಯ ಬೆಂಚಿನಲ್ಲಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂರುವುದು, ಪಾಠ ನಡೆಯುವಷ್ಟು ಹೊತ್ತೂ ಮೂರು ನಿಮಿಷಕ್ಕೊಮ್ಮೆ ಹಾಳೆಯ ಮೇಲೆ ಒಂದು ಗೀಟು ಹಾಕುವುದು. ಮೇಷ್ಟ್ರು ಮಾತಾಡುತ್ತಿದ್ದರೆ ಮೊದಲ ಕಾಲಮ್ಮಿಗೆ, ಮಗು ಮಾತಾಡುತ್ತಿದ್ದರೆ ಎರಡನೆಯದಕ್ಕೆ, ಯಾರೂ ಮಾತಾಡದಿದ್ದರೆ ಮೂರನೆಯದಕ್ಕೆ, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರೆ ನಾಲ್ಕನೆಯದಕ್ಕೆ. ಎರಡನೆಯ ಕಾಲಮ್ಮಿಗೆ ಬಿದ್ದ ಗೀಟುಗಳನ್ನು ಎಣಿಸಲು ಎರಡು ಕೈ ಬೆರಳು ಹೆಚ್ಚಾಯಿತು ಎಂದು ಅವರು ತಮಾಷೆ ಮಾಡುತ್ತಿದ್ದರು. ಅದು ಪೂರ್ತಿ ತಮಾಷೆಯೂ ಅಲ್ಲ.

ಹಾಳೆಯ ತುದಿಯಲ್ಲಿ ‘ವಿಶೇಷ’ ಎಂದೊಂದು ಚೌಕವಿತ್ತು. ತರಗತಿಯಲ್ಲಿ ಏನಾದರೂ ವಿಶೇಷ ನಡೆದರೆ ಅಲ್ಲಿ ಬರೆಯಬೇಕು. ನಡೆಯದಿದ್ದರೂ ಬರೆಯಬೇಕು, ಏಕೆಂದರೆ ಖಾಲಿ ಬಿಟ್ಟ ಹಾಳೆಗೆ ದಾಖಲೆ ವಿಭಾಗದವರು ‘ಅಪೂರ್ಣ’ ಎಂದು ಮುದ್ರೆ ಒತ್ತಿ ವಾಪಸು ಕಳಿಸುತ್ತಿದ್ದರು. ಹಾಗಾಗಿ ಸಂಸ್ಥೆಯ ವೀಕ್ಷಕರೆಲ್ಲ ಆ ಚೌಕದಲ್ಲಿ ‘ಮಕ್ಕಳು ಶಿಸ್ತಿನಿಂದ ಕುಳಿತಿದ್ದರು’ ಎಂದು ಬರೆಯುವ ಪದ್ಧತಿ ಬೆಳೆದುಬಂದಿತ್ತು. ಮಕ್ಕಳು ಶಿಸ್ತಿನಿಂದ ಕೂರದ ದಿನ ‘ಫ್ಯಾನು ಶಬ್ದ ಮಾಡುತ್ತಿತ್ತು’ ಎಂದು ಬರೆಯುತ್ತಿದ್ದರು. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ನಾಲ್ಕು ಸಾವಿರಕ್ಕೂ ಮಿಕ್ಕಿದ ಹಾಳೆಗಳು ಕಬ್ಬಿಣದ ಬೀರುಗಳಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದವು.

ಆ ನಿದ್ದೆ ಕೆಡಿಸಿದ್ದು ದೊಡ್ಡಪ್ಪ. ದೊಡ್ಡಪ್ಪ ಅಂದರೆ ಮನುಷ್ಯನಲ್ಲ, ಯಂತ್ರ. ಸಂಶೋಧನೆಯನ್ನು ಇನ್ನು ಮುಂದೆ ಕೃತಕ ಬುದ್ಧಿಮತ್ತೆಯೇ ಮಾಡುತ್ತದೆ, ಭವಿಷ್ಯ ಬಾಗಿಲಿಗೆ ಬಂದು ನಿಂತಿದೆ ಎಂದು ನಿರ್ದೇಶಕರು ಭಾಷಣ ಮಾಡಿ ಅದನ್ನು ತರಿಸಿದ್ದರು. ಅದಕ್ಕೊಂದು ಉದ್ದನೆಯ ಹೆಸರಿತ್ತು. ಆದರೆ ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಹೇಳುವುದು, ಎಲ್ಲರನ್ನೂ ಬೆನ್ನು ತಟ್ಟಿ ‘ಒಳ್ಳೆಯ ಪ್ರಶ್ನೆ’ ಅನ್ನುವುದು, ಒಂದು ಸಾಲಲ್ಲಿ ಮುಗಿಯುವುದನ್ನು ಐದು ಅಂಶ ಮಾಡಿ ವಿವರಿಸುವುದು, ಇವೆಲ್ಲ ಕಂಡ ಗುಮಾಸ್ತರು ಒಂದೇ ವಾರದಲ್ಲಿ ಅದಕ್ಕೆ ದೊಡ್ಡಪ್ಪ ಎಂದು ನಾಮಕರಣ ಮಾಡಿದರು. ಎಲ್ಲರ ಮನೆಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರಲ್ಲ.

ದೊಡ್ಡಪ್ಪನ ಹೊಟ್ಟೆಗೆ ಮೊದಲು ಹಾಕಿದ್ದು ಬೀರುವಿನ ಹಾಳೆಗಳನ್ನು. ಒಂದೊಂದನ್ನೂ ಚಿತ್ರ ತೆಗೆದು ಉಣಿಸಿದರು. ಮೂರನೆಯ ದಿನ ಅದು ಬಾಯಿ ಬಿಟ್ಟಿತು. ಮೂವತ್ತೊಂದು ಬೇರೆಬೇರೆ ಶಾಲೆಗಳಲ್ಲಿ ಗೋಡೆಗೆ ಒರಗಿ ಕೂತ ಒಬ್ಬೊಬ್ಬಳು ಹುಡುಗಿ ಸಿಕ್ಕಿದ್ದಾಳೆ, ಎಲ್ಲರಿಗೂ ಆರರಿಂದ ಹತ್ತು ವರ್ಷ, ಎಲ್ಲರೂ ಶಿಕ್ಷಕರಿಗೆ ಉತ್ತರ ಹೊಳೆಯದಂಥ ಪ್ರಶ್ನೆ ಕೇಳಿದ್ದಾರೆ, ಇದು ಆಕಸ್ಮಿಕವಾಗಿರಲು ಸಾಧ್ಯವಿಲ್ಲ. ‘ಸೊನ್ನೆ ಅಂದರೆ ಏನೂ ಇಲ್ಲ ಅಂತಾದರೆ ಅದನ್ನು ಯಾಕೆ ಬರೆಯಬೇಕು?’ ಎಂದು ಒಬ್ಬಳು. ‘ನಿದ್ದೆ ಬಂದ ಗಳಿಗೆ ಯಾವುದು ಅಂತ ನಿದ್ದೆ ಮಾಡುವವರಿಗೇ ಯಾಕೆ ಗೊತ್ತಾಗುವುದಿಲ್ಲ?’ ಎಂದು ಮತ್ತೊಬ್ಬಳು. ‘ಜ್ವರ ಇಳಿಯಿತು ಅಂತಾರಲ್ಲ, ಇಳಿದು ಎಲ್ಲಿಗೆ ಹೋಗುತ್ತದೆ?’ ಎಂದು ಇನ್ನೊಬ್ಬಳು. ದೊಡ್ಡಪ್ಪನ ಪ್ರಕಾರ ಬೆನ್ನಿಗೆ ಗೋಡೆಯ ಆಸರೆ ಸಿಕ್ಕ ಮಗು ಆಳವಾಗಿ ಯೋಚಿಸುತ್ತದೆ. ಅಲ್ಲದೆ ಆ ಮೂವತ್ತೊಂದು ಹಾಳೆಗಳಲ್ಲಿ ಇಪ್ಪತ್ತರ ಮೇಲೆ ಗುಲಾಬಿ ಬಣ್ಣದ ಕಲೆಗಳಿರುವುದರಿಂದ ಆ ತರಗತಿಗಳಲ್ಲಿ ಬಣ್ಣದ ಚಟುವಟಿಕೆ ನಡೆಯುತ್ತಿತ್ತೆಂದು ಊಹಿಸಬಹುದು, ಗುಲಾಬಿ ಬಣ್ಣಕ್ಕೂ ಪ್ರಶ್ನೆ ಕೇಳುವ ಶಕ್ತಿಗೂ ಬಲವಾದ ಸಂಬಂಧ ಕಾಣುತ್ತದೆ.

ನಿರ್ದೇಶಕರು ಕುರ್ಚಿಯಿಂದ ಎದ್ದೇ ಬಿಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಮನುಷ್ಯ ಅವರು. “ಬೆಂಚಮ್ಮನೋರೇ, ಮೂವತ್ತೊಂದೂ ನಿಮ್ಮ ಹಾಳೆಗಳೇ! ಇಷ್ಟು ವರ್ಷ ಬಾಯೇ ಬಿಡಲಿಲ್ವಲ್ಲ ನೀವು!” ಎಂದು ಎರಡೂ ಕೈ ಹಿಡಿದು ಅಲ್ಲಾಡಿಸಿದರು. ಬೆಂಚಮ್ಮ ನಕ್ಕರು. ನಗದೆ ಮತ್ತೇನು ಮಾಡಿಯಾರು?

ಆ ಹುಡುಗಿ ಯಾರೆಂದು ಈಗಲೇ ಹೇಳಿಬಿಡುವುದು ವಾಸಿ, ಓದುವವರನ್ನು ಕಾಯಿಸಿ ನನಗೇನೂ ಆಗಬೇಕಾದ್ದಿಲ್ಲ. ಮೂವತ್ತೊಂದು ಹುಡುಗಿಯರಿರಲಿಲ್ಲ, ಇದ್ದದ್ದು ಒಬ್ಬಳೇ. ಅವಳು ಬೆಂಚಮ್ಮನ ಮಗಳು, ಮತ್ತು ಅವಳು ಒರಗಿದ್ದು ಅಡುಗೆಮನೆಯ ಗೋಡೆಗೆ.

ಚಿಕ್ಕಂದಿನಲ್ಲಿ ಆ ಮಗುವಿಗೆ ಪದೇಪದೇ ಜ್ವರ, ಗಂಟಲುನೋವು. ಗಂಡ ರೈಲಿನ ಗಾರ್ಡು, ಮೂರು ದಿನಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ರಜೆ ಎಲ್ಲ ತೀರಿಹೋದ ಮೇಲೆ ಬೆಂಚಮ್ಮ ಒಂದು ದಾರಿ ಕಂಡುಕೊಂಡರು. ಮಗು ಮಲಗಿದ ದಿನ ಶಾಲೆಗೆ ಹೋಗದೆ, ಅಡುಗೆಮನೆಯ ಮೇಜಿನ ಮೇಲೆಯೇ ಹಾಳೆ ತುಂಬಿಸುತ್ತಿದ್ದರು. ಗೀಟುಗಳ ಬಗ್ಗೆ ಅವರಿಗೆ ಅಳುಕಿರಲಿಲ್ಲ. ಯಾವ ಮೇಷ್ಟ್ರು ಎಷ್ಟು ಹೊತ್ತು ಕೊರೆಯುತ್ತಾರೆಂಬುದು ಕಣ್ಣು ಮುಚ್ಚಿದರೂ ಗೊತ್ತು. ತೊಡಕು ಬಂದದ್ದು ‘ವಿಶೇಷ’ದ ಚೌಕದಲ್ಲಿ. ಕಾಣದ ತರಗತಿಯಲ್ಲಿ ಫ್ಯಾನು ಶಬ್ದ ಮಾಡಿತೆಂದು ಬರೆಯಲು ಅವರಿಗೆ ಮನಸ್ಸು ಒಪ್ಪಲಿಲ್ಲ, ಅದು ಹಸಿ ಸುಳ್ಳಾಗುತ್ತದೆ ಅನ್ನಿಸಿತು. ಮನುಷ್ಯರ ಮನಸ್ಸಾಕ್ಷಿ ಎಲ್ಲೆಲ್ಲಿ ಎಡವಿ ನಿಲ್ಲುತ್ತದೋ ಹೇಳುವುದು ಕಷ್ಟ. ಎದುರಿಗೆ ಕಂಬಳಿ ಹೊದ್ದು ಗೋಡೆಗೆ ಒರಗಿದ್ದ ಮಗಳು ಒಂದೇ ಸಮನೆ ಏನಾದರೂ ಕೇಳುತ್ತಿದ್ದಳು. ಅದನ್ನೇ ಬರೆದರು. ಒಂದು ಮಗು ನಿಜವಾಗಿ ಕೇಳಿದ್ದು ತಾನೆ? ಗುಲಾಬಿ ಕಲೆಗಳು ಕೆಮ್ಮಿನ ಔಷಧಿಯವು.

ವರ್ಷ ತುಂಬುವುದರೊಳಗೆ ‘ಗೋಡೆ ಮಗು’ ಎಲ್ಲರ ಬಾಯಲ್ಲೂ ಇತ್ತು. ಶಿಕ್ಷಣ ಇಲಾಖೆಯವರು ಬೆಂಚುಗಳನ್ನೆಲ್ಲ ಗೋಡೆಗೆ ಸೇರಿಸಲು ಆಜ್ಞೆ ಹೊರಡಿಸಿದರು. ಮಕ್ಕಳು ಆಸ್ಪತ್ರೆಯಲ್ಲಿ ಸರದಿಗೆ ಕಾಯುವವರ ಹಾಗೆ ನಾಲ್ಕೂ ಗೋಡೆಗುಂಟ ಕೂತರು, ನಟ್ಟನಡುವೆ ಮೇಷ್ಟ್ರು ಬುಗುರಿಯಂತೆ ಸುತ್ತಿ ಸುತ್ತಿ ಪಾಠ ಮಾಡಿದರು. ಡೆಸ್ಕುಗಳಿಗೆಲ್ಲ ಗುಲಾಬಿ ಬಣ್ಣ ಬಂತು. ಪ್ರತಿ ತರಗತಿಯ ಮೂಲೆಗೆ ದೊಡ್ಡಪ್ಪನ ಕಿವಿ ಎಂದು ಒಂದು ಪುಟ್ಟ ಪೆಟ್ಟಿಗೆ ಬಂತು. ಹದಿನೈದು ದಿನಕ್ಕೊಮ್ಮೆ ಅದು ಒಂದು ದಿನ ಪೂರ್ತಿ ಕೇಳಿಸಿಕೊಂಡು, ಗೋಡೆ ಮಗುವಿನಂಥ ಪ್ರಶ್ನೆ ಬಂದವೇ ಎಂದು ತೂಗಿ ನೋಡಿ ಶಿಕ್ಷಕರಿಗೆ ‘ಗೋಡೆ ಅಂಕ’ ಕೊಡುತ್ತಿತ್ತು. ಮೂರು ಸಲ ಸೊನ್ನೆ ಬಂದರೆ ಹೊಸ ಶಿಕ್ಷಕರ ಕೆಲಸ ಕಾಯಂ ಆಗುವಂತಿಲ್ಲ.

ಬೆಂಚಮ್ಮನ ಮಗಳು ಈಗ ಹೊಸ ಶಿಕ್ಷಕಿ. ಮೂರನೆಯ ತರಗತಿ, ಮೂವತ್ತೆಂಟು ಮಕ್ಕಳು. ಪೆಟ್ಟಿಗೆ ಎರಡು ಸಲ ಕೇಳಿಸಿಕೊಂಡಿತ್ತು, ಎರಡು ಸಲವೂ ಸೊನ್ನೆ.

“ಒಂದೂ ಕೇಳ್ಲಿಲ್ವೇನೇ?” ಎಂದು ಬೆಂಚಮ್ಮ ಎರಡನೆಯ ಸೊನ್ನೆಯ ಸಂಜೆ ಕೇಳಿದರು.

“ಕೇಳ್ದೆ ಏನಮ್ಮ? ದಿನಕ್ಕೆ ಇನ್ನೂರು ಕೇಳ್ತಾರೆ. ಟೀಚರ್, ಗೆರೆ ಹಾಕ್ಬೇಕಾ? ಟೀಚರ್, ಇದನ್ನೂ ಬರ್ಕೋಬೇಕಾ? ಟೀಚರ್, ಇವ್ನು ನನ್ನ ರಬ್ಬರ್ ಕಚ್ಚಿದ. ಪೆಟ್ಟಿಗೆ ಅದನ್ನೆಲ್ಲ ಲೆಕ್ಕಕ್ಕೆ ತಗೊಳ್ಳಲ್ಲ. ಅದಕ್ಕೆ ಸೊನ್ನೆ ಯಾಕೆ ಬರೀಬೇಕು ಅಂತ ಕೇಳೋ ಮಕ್ಳು ಬೇಕು.”

“ಬೇರೆ ಟೀಚರುಗಳೆಲ್ಲ ಏನ್ಮಾಡ್ತಾರೆ?”

“ಹೇಳಿಕೊಡ್ತಾರೆ, ಇನ್ನೇನು? ಪಕ್ಕದ ಕ್ಲಾಸಲ್ಲಿ ಒಂದು ಹುಡುಗಿಗೆ ಬಾಯಿಪಾಠ ಮಾಡ್ಸಿದ್ದಾರೆ. ಪೆಟ್ಟಿಗೆ ದೀಪ ಹತ್ತಿದ ತಕ್ಷಣ ಆ ಮಗು ಎದ್ದು ಜ್ವರ ಇಳಿದು ಎಲ್ಲಿಗೆ ಹೋಗುತ್ತೆ ಅಂತ ಒದರುತ್ತೆ. ಅದಕ್ಕೆ ಒಂಬತ್ತು ಅಂಕ. ನನ್ನ ಕೈಲಿ ಆಗಲ್ಲಪ್ಪ ಈ ನಾಟಕ.” ಮಗಳು ನೋಟ್‌ಬುಕ್ಕುಗಳ ರಾಶಿಯನ್ನು ಮೇಜಿನ ಮೇಲೆ ಧೊಪ್ಪೆಂದು ಇಟ್ಟಳು. “ಆ ಗೋಡೆ ಮಗು ಇದೆಯಲ್ಲ, ಅದನ್ನ ಯಾವ ಪುಣ್ಯಾತ್ಗಿತ್ತಿ ಹೆತ್ತಳೋ! ಎಂಥ ಅಧಿಕಪ್ರಸಂಗಿ ಇರ್ಬೇಕು. ನನ್ನ ಮಗಳಾಗಿದ್ರೆ ಎರಡು ಬಿಗೀತಿದ್ದೆ.”

ಬೆಂಚಮ್ಮನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿತು. ನಿವೃತ್ತರಾಗಿ ಮೂಲೆಯಲ್ಲಿ ರೇಡಿಯೋ ಬಿಚ್ಚಿಕೊಂಡು ಕೂತಿದ್ದ ಗಂಡ ತಲೆ ಎತ್ತದೆಯೇ, “ನಿಧಾನವಾಗಿ ಕುಡಿಯೇ, ರೈಲೇನೂ ಹೊರಟುಹೋಗಲ್ಲ” ಅಂದರು.

ಆ ಸಂಜೆಯಿಂದ ಬೆಂಚಮ್ಮನದು ಬಿಸಿತುಪ್ಪದ ಸ್ಥಿತಿ, ಉಗುಳುವಂತಿಲ್ಲ, ನುಂಗುವಂತಿಲ್ಲ. ನಿಜ ಹೇಳಿದರೆ ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಇಪ್ಪತ್ತೆಂಟು ವರ್ಷದ ಹೆಸರು ಮಣ್ಣುಪಾಲು. ಹೇಳದಿದ್ದರೆ ಮಗಳ ಕೆಲಸ ಹೋಗುತ್ತದೆ. ಅದೂ ಹೇಗೆ? ಎಂಟು ವರ್ಷದ ಅವಳನ್ನೇ ಅಳತೆಗೋಲು ಮಾಡಿಕೊಂಡು ಇಪ್ಪತ್ತಾರು ವರ್ಷದ ಅವಳನ್ನು ಅಳೆದು, ಸಾಲದು ಎಂದು ಆಚೆಗೆ ತಳ್ಳುತ್ತಾರೆ. ಮೂರನೆಯ ಸಲ ಪೆಟ್ಟಿಗೆಯ ದೀಪ ಹತ್ತಲು ಹದಿನೈದು ದಿನ ಉಳಿದಿತ್ತು.

ಮೊದಲು ಅವರು ಹಿತ್ತಿಲ ದಾರಿ ಹುಡುಕಿದರು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ದೊಡ್ಡಪ್ಪನ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಪರದೆಯ ಮುಂದೆ ಕೂತರು.

“ಸುಮ್ನೆ ಕೇಳ್ತೀನಿ. ಒಂದು ಮೂವತ್ತೊಂದು ಹಾಳೆ ಕಳೆದುಹೋಯ್ತು ಅಂತಿಟ್ಕೋ. ಆಗ ಏನಾಗುತ್ತೆ?”

“ಒಳ್ಳೆಯ ಪ್ರಶ್ನೆ,” ಎಂದಿತು ದೊಡ್ಡಪ್ಪ. “ಯಾವ ಮೂವತ್ತೊಂದು ಎಂಬುದರ ಮೇಲೆ ಅದು ಅವಲಂಬಿಸಿದೆ. ಗೋಡೆ ಮಗುವಿನ ಮೂವತ್ತೊಂದು ಹಾಳೆಗಳನ್ನು ತೆಗೆದರೆ ಉಳಿದ ನಾಲ್ಕು ಸಾವಿರದ ಇನ್ನೂರು ಹಾಳೆಗಳಲ್ಲಿ ಫ್ಯಾನುಗಳ ಬಗ್ಗೆ ಸಾಕಷ್ಟು ಮಾಹಿತಿ ಸಿಗುತ್ತದೆ. ಮಕ್ಕಳ ಬಗ್ಗೆ ಸಿಗುವುದಿಲ್ಲ.”

“ಅಂದ್ರೆ ಅವನ್ನ ತೆಗೆಯೋಕೆ ಬರಲ್ವಾ?”

“ತೆಗೆಯಲು ನಿರ್ದೇಶಕರ ಒಪ್ಪಿಗೆ ಮತ್ತು ಕಾರಣ ಬೇಕು. ಕಾರಣವನ್ನು ಈಗಲೇ ಹೇಳುವಿರಾ? ಬರೆದುಕೊಳ್ಳುತ್ತೇನೆ.”

“ಬೇಡ ಬೇಡ. ನಾನು ಬಂದಿದ್ದನ್ನೂ ಬರ್ಕೋಬೇಡ.”

“ಬರೆದುಕೊಂಡಾಗಿದೆ. ಇನ್ನೊಂದು ಮಾತು. ಆ ಹಾಳೆಗಳನ್ನು ಬರೆದವರಷ್ಟು ಗಮನವಿಟ್ಟು ಮಗುವಿನ ಮಾತನ್ನು ಕೇಳಿಸಿಕೊಂಡ ವೀಕ್ಷಕರು ಈ ಸಂಸ್ಥೆಯಲ್ಲಿ ಮತ್ತೊಬ್ಬರಿಲ್ಲ.”

ಬೈದಿದ್ದರೆ ಬೆಂಚಮ್ಮ ತಡೆದುಕೊಳ್ಳುತ್ತಿದ್ದರು. ಹೊಗಳಿದ್ದು ತಡೆಯಲಾಗಲಿಲ್ಲ. ಮಗಳು ಕೇಳಿದಾಗೆಲ್ಲ ತಾವು ತಲೆ ಎತ್ತದೆ ಬರೆಯುತ್ತಿದ್ದುದು, ಅವಳು ಮತ್ತೆ ಕೇಳಿದರೆ ಗದರುತ್ತಿದ್ದುದು ನೆನಪಾಗಿ, ಆ ಯಂತ್ರದ ಮುಖಕ್ಕೆ ಒದ್ದೆ ಬಟ್ಟೆ ಎಸೆಯೋಣ ಅನ್ನಿಸಿತು. ಬಟ್ಟೆ ಸಿಗಲಿಲ್ಲ, ಸುಮ್ಮನೆ ಎದ್ದು ಬಂದರು.

ಮುಂದಿನ ವಾರ ದೊಡ್ಡ ಸಭೆ. ನಾಲ್ಕಾರು ಸಂಸ್ಥೆಗಳ ತಜ್ಞರು ಬಂದಿದ್ದರು, ಇಲಾಖೆಯ ಹಿರಿಯ ಅಧಿಕಾರಿಗಳೂ ಇದ್ದರು. ವಿಷಯ, ‘ಶಿಕ್ಷಣ ಸಂಶೋಧನೆಯ ನಾಳೆ’. ವೇದಿಕೆಯ ಮೇಲೆ ಗುಲಾಬಿ ಬಣ್ಣದ ಪರದೆ. ಬಂದ ಅತಿಥಿಗಳ ಕುರ್ಚಿಗಳನ್ನೂ ನಾಲ್ಕು ಗೋಡೆಗಳಿಗೆ ಸೇರಿಸಿ ಹಾಕಿಸಿದ್ದರು ನಿರ್ದೇಶಕರು, ನುಡಿದಂತೆ ನಡೆಯುವವರು. ಬೆಂಚಮ್ಮನಿಗೆ ಕೊಡಲು ಒಂದು ಗಾಜಿನ ಫಲಕ ಮೇಜಿನ ಮೇಲೆ ಸಿದ್ಧವಾಗಿತ್ತು. ಅವರು ಬಾಗಿಲ ಪಕ್ಕದ ಗೋಡೆಯ ಬಳಿ ಕೂತು, ಬೆನ್ನು ಮಾತ್ರ ಗೋಡೆಗೆ ತಾಗದ ಹಾಗೆ ನೋಡಿಕೊಳ್ಳುತ್ತಿದ್ದರು.

ನಿರ್ದೇಶಕರು ಒಂದು ಗಂಟೆ ಮಾತಾಡಿದರು. ನಾಳೆ ಶಾಲೆಗೆ ಹೋಗಿ ನೋಡುವವರು ಬೇಕಾಗುವುದಿಲ್ಲ, ಯಂತ್ರವೇ ನೋಡುತ್ತದೆ, ಯಂತ್ರವೇ ತೀರ್ಮಾನಿಸುತ್ತದೆ, ಯಂತ್ರವೇ ಬರೆಯುತ್ತದೆ ಎಂದರು. ನಾವು ಬಂದು ಊಟ ಮಾಡಿ ಹೋದರೆ ಸಾಕಲ್ಲ ಎಂದು ಬೆಂಚಮ್ಮನ ಪಕ್ಕದಲ್ಲಿ ಯಾರೋ ಗೊಣಗಿದರು. ಕೊನೆಗೆ ನಿರ್ದೇಶಕರು ದೊಡ್ಡಪ್ಪನತ್ತ ತಿರುಗಿ, “ಎಲ್ಲ ಗೋಡೆ ಮಕ್ಕಳು ಕೇಳಿದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು? ಸಭೆಗೆ ತಿಳಿಸಿ” ಎಂದರು.

“ಒಳ್ಳೆಯ ಪ್ರಶ್ನೆ,” ಎಂದಿತು ದೊಡ್ಡಪ್ಪ. ಅದರ ದನಿ ಆ ದಿನ ಒಂದು ಮಟ್ಟ ಮೇಲೇ ಇತ್ತು. “ಹತ್ತೊಂಬತ್ತನೆಯ ಶಾಲೆ, ಪರಿಸರ ಪಾಠದ ತರಗತಿ, ಸುಮಾರು ಎಂಟು ವರ್ಷದ ಹುಡುಗಿ. ‘ನೋಡದೇ ಇದ್ದದ್ದನ್ನು ನೋಡಿದೆ ಅಂತ ಬರೆದರೆ, ಅದನ್ನು ಓದುವವರು ಏನು ಮಾಡಬೇಕು?’ ಜ್ಞಾನದ ಬುಡವನ್ನೇ ಮುಟ್ಟುವ ಈ ಪ್ರಶ್ನೆಗೆ ನೂರಕ್ಕೆ ನೂರು ಅಂಕ ಕೊಟ್ಟಿದ್ದೇನೆ.”

ಚಪ್ಪಾಳೆ ಬಿತ್ತು. ಇಲಾಖೆಯ ಅಧಿಕಾರಿಯೊಬ್ಬರು ಕಣ್ಣೊರೆಸಿಕೊಂಡರು. ಬೆಂಚಮ್ಮನಿಗೆ ಆ ಬೆಳಗ್ಗೆ ಪೂರ್ತಿ ಕಣ್ಣ ಮುಂದೆ ಬಂತು. ಕಂಬಳಿಯಿಂದ ಮುಖವನ್ನಷ್ಟೇ ಹೊರಗೆ ಹಾಕಿ, ಅಮ್ಮ ನೀನು ಇವತ್ತು ಯಾವ ಶಾಲೆಗೂ ಹೋಗಲಿಲ್ವಲ್ಲ, ಮತ್ತೆ ಏನು ಬರೀತಿದೀಯ ಎಂದು ಶುರುಮಾಡಿದ ಮಗಳು ಕೊನೆಗೆ ಆ ಪ್ರಶ್ನೆಗೆ ಬಂದು ಮುಟ್ಟಿದ್ದಳು. ಬರೆಯುವ ಭರದಲ್ಲಿ ತಾವು ಅದನ್ನೂ ಚೌಕದೊಳಗೆ ಇಳಿಸಿಬಿಟ್ಟಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಕೇಳಿದ್ದೀರಿ. ಇಲ್ಲಿ ಕಳ್ಳಿಯೇ ಕುಂಬಳಕಾಯಿಯ ಮೇಲೆ ತನ್ನ ಹೆಸರು ಬರೆದು ಬೀರುವಿನಲ್ಲಿಟ್ಟಿದ್ದಳು.

ಹೊರಗಿನಿಂದ ಬಂದಿದ್ದ ತಜ್ಞೆಯೊಬ್ಬರು ಕೈ ಎತ್ತಿದರು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ತಾಳ್ಮೆಯ ಹೆಂಗಸು. “ಪ್ರಶ್ನೆ ಅದ್ಭುತವಾಗಿದೆ. ಆದ್ರೆ ಹಾಳೇಲಿ ಉತ್ತರ ಇಲ್ಲ. ಅಂಥ ಮಗುವಿಗೆ ಆ ಟೀಚರ್ ಏನು ಉತ್ತರ ಕೊಟ್ರು? ಅದು ನಮಗೆ ಮುಖ್ಯ.”

“ಉತ್ತರದ ದಾಖಲೆ ಇಲ್ಲ,” ಎಂದಿತು ದೊಡ್ಡಪ್ಪ. “ಆದರೆ ಇಂಥ ಮಗುವನ್ನು ಬೆಳೆಸಿದವರು ಬಹಳ ಸೂಕ್ಷ್ಮವಾದ ಉತ್ತರವನ್ನೇ ಕೊಟ್ಟಿರಬೇಕು. ಸಂಭವನೀಯವಾದ ಐದು ಉತ್ತರಗಳನ್ನು ನಾನು—”

“ಬಾಯಿ ಮುಚ್ಕೊಂಡು ಔಷಧಿ ಕುಡಿ ಅಂದೆ,” ಎಂದರು ಬೆಂಚಮ್ಮ.

ಅವರು ಯಾವಾಗ ಎದ್ದು ನಿಂತರೆಂದು ಅವರಿಗೂ ತಿಳಿಯಲಿಲ್ಲ. ಸಭೆಯ ನಾಲ್ಕೂ ಗೋಡೆಗಳು ಅವರತ್ತ ತಿರುಗಿದವು.

“ಟೀಚರ್ ಅಲ್ಲ, ನಾನು. ಅದು ಕ್ಲಾಸಲ್ಲ, ನಮ್ಮನೆ ಅಡುಗೆಮನೆ. ಹುಡುಗಿ ನನ್ನ ಮಗಳು. ಮೂವತ್ತೊಂದೂ ಅವಳೇ. ಜ್ವರ ಬಂದು ಕೂತಿದ್ಳು, ನಾನು ಶಾಲೆಗೆ ಹೋಗ್ದೇನೇ, ಹೋದೆ ಅಂತ ಬರೆದೆ. ಆ ಗುಲಾಬಿ ಕಲೆ ಕೆಮ್ಮಿನ ಔಷಧಿದು. ಕುಡಿಯಲ್ಲ ಅಂತ ಉಗೀತಿದ್ಳು.” ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಕಟ್ಟೆ ಒಡೆದ ಮೇಲೆ ನೀರು ಕೇಳುತ್ತದೆಯೇ? “ಆ ಮಗು ಈಗ ಟೀಚರ್ ಆಗಿದಾಳೆ. ಅವಳಿಗೆ ಎರಡು ಸೊನ್ನೆ ಕೊಟ್ಟಿದೀರಿ. ನಾಳಿದ್ದು ಮೂರನೇದು ಕೊಟ್ಟು ಮನೆಗೆ ಕಳಿಸ್ತೀರಿ. ಯಾರಾದ್ರೂ ಹೋಗೋದಿದ್ರೆ ನಾನು ಹೋಗ್ತೀನಿ. ಅವಳನ್ನ ಬಿಟ್ಬಿಡಿ.”

ಎಲ್ಲರಿಗಿಂತ ಮೊದಲು ದೊಡ್ಡಪ್ಪ, “ಹೊಸ ಮಾಹಿತಿಗೆ ಧನ್ಯವಾದಗಳು. ಮೂವತ್ತೊಂದು ಹಾಳೆಗಳನ್ನು ತೆಗೆದು ಮತ್ತೆ ಲೆಕ್ಕ ಹಾಕುತ್ತಿದ್ದೇನೆ,” ಎಂದಿತು. ಒಂದು ಕ್ಷಣದ ನಂತರ, “ಮಕ್ಕಳ ಬಗ್ಗೆ ನನಗೆ ಏನೂ ತಿಳಿದಿಲ್ಲ,” ಎಂದಿತು. ಅದು ಒಂದೇ ಸಾಲಿನಲ್ಲಿ ಉತ್ತರ ಮುಗಿಸಿದ್ದು ಅದೇ ಮೊದಲು.

ತಜ್ಞೆ ಕನ್ನಡಕ ತೆಗೆದು ಮಡಚಿಟ್ಟರು. “ಈ ಸಂಸ್ಥೆಯಿಂದ ಬಂದಿರೋ ಮೊದಲನೇ ನಂಬುವಂಥ ಫಲಿತಾಂಶ ಇದು” ಎಂದರು. ಯಾರೂ ನಗಲಿಲ್ಲ, ಇಲಾಖೆಯವರು ಎದುರಿಗಿದ್ದರಲ್ಲ.

ಮಧ್ಯಾಹ್ನ ನಿರ್ದೇಶಕರ ಕೋಣೆಗೆ ಕರೆ ಬಂತು. ಫಲಕ ಅವರ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಅವರು ಕೂಗಾಡುತ್ತಾರೆಂದು ಬೆಂಚಮ್ಮ ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದರು. ಅವರು ಕೂಗಾಡಲಿಲ್ಲ. ಬಾಗಿಲು ಹಾಕಿದೆಯೇ ಎಂದು ಎರಡು ಸಲ ನೋಡಿದರು.

“ನಾನೂ ಹನ್ನೊಂದು ವರ್ಷ ಹಾಳೆ ಬರ್ದೋನೇ,” ಎಂದರು ಬಹಳ ತಗ್ಗಿದ ದನಿಯಲ್ಲಿ. “ಫ್ಯಾನು ಶಬ್ದ ಮಾಡ್ತಿತ್ತು ಅಂತ ನಾನು ಬರೆದಿರೋ ಶಾಲೆಗಳಲ್ಲಿ ಅರ್ಧಕ್ಕೆ ಕರೆಂಟೇ ಇರಲಿಲ್ಲ ಬೆಂಚಮ್ಮನೋರೇ.”

ಬೆಂಚಮ್ಮನಿಗೆ ನಗು ಬಂತು, ತುಟಿ ಕಚ್ಚಿ ತಡೆದುಕೊಂಡರು. ಆಮೇಲೆ ನಿರ್ದೇಶಕರು ಗಂಟಲು ಸರಿಮಾಡಿಕೊಂಡು, ಅಮಾನತಿನ ಆದೇಶಕ್ಕೆ ಸಹಿ ಹಾಕಿ ಕೈಗೆ ಕೊಟ್ಟರು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಆದರೆ ಕನ್ನಡಿ ಹಿಡಿದವರನ್ನು ಮನೆಗೆ ಕಳಿಸುವುದು ಕಚೇರಿಯ ಧರ್ಮ. ಬೆಂಚಮ್ಮ ಆದೇಶ ಮಡಚಿ ಚೀಲಕ್ಕೆ ಹಾಕಿಕೊಂಡರು. ಮಾಡಿದ್ದುಣ್ಣೋ ಮಹಾರಾಯ ಎಂದು ತಮಗೆ ತಾವೇ ಹೇಳಿಕೊಂಡರು, ಎದೆ ಮಾತ್ರ ಹಗುರಾಗಿತ್ತು.

ಇಲಾಖೆ ಗೋಡೆ ಅಂಕವನ್ನು ಹಿಂದಕ್ಕೆ ಪಡೆಯಿತು. ಪೆಟ್ಟಿಗೆಗಳನ್ನು ಬಿಚ್ಚಿ ಒಯ್ದರು. ಮಗಳ ಎರಡು ಸೊನ್ನೆಗಳನ್ನು ಹೊಡೆದುಹಾಕಿ, ಕೆಲಸ ಕಾಯಂ ಮಾಡುವುದೋ ಬೇಡವೋ ಮುಖ್ಯೋಪಾಧ್ಯಾಯಿನಿಯೇ ತೀರ್ಮಾನಿಸಲಿ ಎಂದರು. ಆಕೆ ಒಂದು ಗಂಟೆ ತರಗತಿಯಲ್ಲಿ ಕೂತು ನೋಡಿ, ಅಂದೇ ಸಹಿ ಹಾಕಿದರು.

ಕೆಲಸ ಉಳಿಯಿತು, ಆದರೆ ಮಗಳು ಮಾತು ಬಿಟ್ಟಳು. ಸಭೆಯ ಸುದ್ದಿ ಅಮ್ಮನಿಗಿಂತ ಮೊದಲೇ ಮನೆ ತಲುಪಿತ್ತು. “ನನ್ನನ್ನೇ ಇಟ್ಕೊಂಡು ನನ್ನ ಫೇಲ್ ಮಾಡ್ಸಿದ್ಯಲ್ಲಮ್ಮ,” ಎಂದು ಒಂದು ಮಾತು ಅಂದವಳು ಮತ್ತೆ ನಾಲ್ಕು ದಿನ ಬಾಯಿ ಬಿಡಲಿಲ್ಲ. ಉಪ್ಪು ಬೇಕಾದರೂ ಅಪ್ಪನ ಮೂಲಕ ಕೇಳುತ್ತಿದ್ದಳು. ಗಂಡ ಹಳೆಯ ಗಾರ್ಡು, ಆ ಕಡೆಯ ಹಸಿರು ಬಾವುಟವನ್ನು ಈ ಕಡೆಗೂ ಈ ಕಡೆಯ ಕೆಂಪು ಬಾವುಟವನ್ನು ಆ ಕಡೆಗೂ ತೋರಿಸುತ್ತ ಓಡಾಡಿದರು. ಅವಳ ಸಿಟ್ಟು ಸುಳ್ಳು ಬರೆದದ್ದಕ್ಕೋ, ತನ್ನ ಮಾತನ್ನು ಕದ್ದದ್ದಕ್ಕೋ ಎಂದು ಬೆಂಚಮ್ಮ ಬಹಳ ಯೋಚಿಸಿದರು. ಹೆತ್ತ ಮಗಳ ಮುಂದೆ ನಾಚಿಕೆಯಾಗುವುದು ಕಚೇರಿಯ ಮುಂದೆ ನಾಚಿಕೆಯಾಗುವುದಕ್ಕಿಂತ ಎಷ್ಟೋ ಪಾಲು ದೊಡ್ಡದು ಎಂದು ಅವರಿಗೆ ಆ ನಾಲ್ಕು ದಿನಗಳಲ್ಲಿ ಗೊತ್ತಾಯಿತು.

ಐದನೆಯ ದಿನ ಬೆಳಗ್ಗೆ ಮಗಳು ಚಪ್ಪಲಿ ಹಾಕಿಕೊಳ್ಳುತ್ತ, ಗೋಡೆಯ ಕಡೆ ಮುಖ ಮಾಡಿ, “ಮನೇಲಿ ಕೂತು ಏನ್ಮಾಡ್ತೀಯ? ನನ್ನ ಕ್ಲಾಸಿಗೆ ಬಾ. ಹಾಳೆ ತರ್ಬೇಡ,” ಅಂದಳು.

ಊರೂರು ಸುತ್ತಿ ಸಾವಿರಾರು ತರಗತಿ ನೋಡಿದ ಬೆಂಚಮ್ಮ ಮಗಳು ಪಾಠ ಮಾಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಬೆಂಚುಗಳು ಮತ್ತೆ ಸಾಲಾಗಿ ನಿಂತಿದ್ದವು, ಗುಲಾಬಿ ಬಣ್ಣ ಮಾತ್ರ ಹಾಗೇ ಇತ್ತು. ಅವರು ಹಿಂದಿನ ಬೆಂಚಿನಲ್ಲಿ ಕೂತರು. ಕೈಯಲ್ಲಿ ಪೆನ್ಸಿಲ್ ಇಲ್ಲದೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಪಾಠ ಕಾಗುಣಿತದ್ದೋ ಭಾಗಾಕಾರದ್ದೋ ಎಂದು ಕೇಳಿದರೆ ಅವರು ಇವತ್ತಿಗೂ ಹೇಳಲಾರರು. ಅವರು ನೋಡಿದ್ದು ಬೇರೆ.

ಮಕ್ಕಳು ಕೇಳುತ್ತಿದ್ದರು, ಮಗಳು ಉತ್ತರ ಕೊಡುತ್ತಿದ್ದಳು. ಪುಟ ತಿರುಗಿಸಲಾ ಅಂದವನಿಗೆ, ನೀನು ಬರೆದದ್ದು ಒಣಗಿದೆಯಾ ನೋಡು, ಒಣಗಿದ್ದರೆ ತಿರುಗಿಸು ಎಂದಳು. ನನ್ನ ಪೆನ್ಸಿಲ್ ಯಾಕೆ ಪದೇಪದೇ ಮುರಿಯುತ್ತೆ ಅಂದವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳು ಅದನ್ನು ಒತ್ತಿ ಹಿಡಿಯುವುದನ್ನು ನೋಡಿ, ತಾನೂ ಹಿಡಿದು ತೋರಿಸಿದಳು. ನಾಳೆ ಶಾಲೆ ಇದೆಯಾ ಎಂದು ಅರ್ಧ ಗಂಟೆಯಲ್ಲಿ ನಾಲ್ಕನೆಯ ಸಲ ಕೇಳಿದವನಿಗೂ, ಇದೆ ಕಣೋ ಅಂದಳು, ಮೊದಲ ಸಲ ಹೇಳುವವಳ ಹಾಗೆಯೇ. ಒಂದು ಪ್ರಶ್ನೆಯಲ್ಲೂ ಸೊಗಸಿರಲಿಲ್ಲ. ಪೆಟ್ಟಿಗೆ ಇದ್ದಿದ್ದರೆ ಮತ್ತೆ ಸೊನ್ನೆಯೇ. ಆದರೆ ಕೇಳಿದವರು ಯಾರೂ ಉತ್ತರವಿಲ್ಲದೆ ಕೂರಲಿಲ್ಲ. ಬೆಂಚಮ್ಮನ ಹಾಳೆಯಲ್ಲಿ ಇಪ್ಪತ್ತೆಂಟು ವರ್ಷವೂ ಅದಕ್ಕೊಂದು ಕಾಲಮ್ಮಿರಲಿಲ್ಲ. ತಮ್ಮ ಅಡುಗೆಮನೆಯಲ್ಲಿ ಮೂವತ್ತೊಂದು ಸಲ ಕೇಳಿದ ಮಗುವಿಗೆ ಒಂದಕ್ಕೂ ಉತ್ತರ ಸಿಕ್ಕಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ತಮಗೆ ಸಿಕ್ಕಿದ್ದು ಹೆಗ್ಗಣವಲ್ಲ, ಬಂಗಾರ. ಅದನ್ನು ತಾವು ನೋಡಿಯೇ ಇರಲಿಲ್ಲ. ಕಣ್ಣಿಂದ ನೀರು ತಾನಾಗಿ ಇಳಿಯಿತು.

ಜಡೆ ಅರ್ಧ ಬಿಚ್ಚಿಹೋಗಿದ್ದ ಒಬ್ಬ ಹುಡುಗಿ ಹಿಂದಕ್ಕೆ ತಿರುಗಿ ಅದನ್ನು ನೋಡಿಬಿಟ್ಟಳು. “ಟೀಚರ್, ಹಿಂದೆ ಕೂತಿರೋ ಅಜ್ಜಿ ಯಾಕೆ ಅಳ್ತಿದಾರೆ?”

ಮಗಳು ಬೋರ್ಡಿನಿಂದ ತಿರುಗಿದಳು. ಅಮ್ಮನನ್ನು ಒಂದು ಗಳಿಗೆ ನೋಡಿದಳು.

“ನಂಗೆ ಗೊತ್ತಿಲ್ಲ ಪುಟ್ಟಿ. ಹೋಗಿ ಅವರನ್ನೇ ಕೇಳು,” ಅಂದಳು.

ಹುಡುಗಿ ಬಂದು ಬೆಂಚಮ್ಮನ ಎದುರು ನಿಂತಳು. ನಿಂತು ಕಾದಳು. ಇಡೀ ತರಗತಿ ತಿರುಗಿ ನೋಡುತ್ತಿತ್ತು. ಬರೆದುಕೊಳ್ಳಲು ಹಾಳೆ ಇರಲಿಲ್ಲ, ಬಾಯಿ ಮುಚ್ಚು ಅನ್ನಲು ಬಾಯಿ ಬರಲಿಲ್ಲ.

“ನಿಮ್ಮ ಟೀಚರ್ ನಿನ್ನಷ್ಟಿದ್ದಾಗ ಬಹಳ ಪ್ರಶ್ನೆ ಕೇಳ್ತಿದ್ಳು ಕಣಮ್ಮ,” ಎಂದರು ಬೆಂಚಮ್ಮ. “ನಾನು ಒಂದಕ್ಕೂ ಉತ್ತರ ಹೇಳ್ಲಿಲ್ಲ. ಅದಕ್ಕೆ.”

ಹುಡುಗಿ ಬಾಯಲ್ಲಿ ಜಡೆಯ ತುದಿ ಇಟ್ಟುಕೊಂಡು ಸ್ವಲ್ಪ ಯೋಚಿಸಿದಳು.

“ಅವ್ರು ಇಲ್ಲೇ ಇದಾರಲ್ಲ, ಈಗ ಹೇಳಿ,” ಎಂದು ಹೇಳಿ ತನ್ನ ಜಾಗಕ್ಕೆ ಹೋಗಿ ಕೂತಳು.